ಹಲಗೆಯಲ್ಲಿ ಕಾಕಾರ ಸಾಲು

ನನ್ನ ಮನೆ ಬೀದರಿನ ಮೈಲೂರಿನಲ್ಲಿ. ಅಲ್ಲಿಂದ ಆಟೋ ಹಿಡಿದು ಹೋಗುವಷ್ಟು ದೂರದ ಒಂದು ಕಾರ್ಖಾನೆಯಲ್ಲಿ, ತಯಾರಾದ ಮಾಲನ್ನು ಅಳೆದು ನೋಡುವುದು ನನ್ನ ಕೆಲಸ. ಟ್ರ್ಯಾಕ್ಟರಿಗೆ ಜೋಡಿಸುವ ಬಿತ್ತನೆ ಕೂರಿಗೆಗಳನ್ನು ನಾವು ಮಾಡುತ್ತೇವೆ. ಭಾಲ್ಕಿ, ಔರಾದ ಕಡೆಯ ತೊಗರಿ ಹೊಲಗಳಲ್ಲಿ ಓಡುವ ಎಷ್ಟೋ ಕೂರಿಗೆಗಳ ಶಾಫ್ಟು ನನ್ನ ಮೇಜು ದಾಟಿಯೇ ಹೋಗಿದೆ. ಬಸ್ಸಿನ ಕಿಟಕಿಯಿಂದ ಒಂದು ಕಂಡರೂ ಪಕ್ಕದವರಿಗೆ ತೋರಿಸದೆ ನಾನು ಬಿಡುವವಳಲ್ಲ. ಜಂಬದವಳು ಅಂದುಕೊಂಡರೆ ಅಂದುಕೊಳ್ಳಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಮಾಲೀಕರು ಪುಣೆಯಲ್ಲಿ ಯಾವುದೋ ತರಬೇತಿ ಮುಗಿಸಿ ಬಂದವರೇ, ನಮ್ಮೆಲ್ಲರನ್ನೂ ಬಸವಣ್ಣನ ಫೋಟೋ ಮುಂದೆ ನಿಲ್ಲಿಸಿ, "ಇವತ್ತಿನಿಂದ ಹಿಸಾಬ್ ಖುಲ್ಲಾ ಇಡ್ತೇನಿ" ಅಂದರು. ಪ್ರತಿ ಸೋಮವಾರ ಬೆಳಿಗ್ಗೆ ಕಬ್ಬಿಣಕ್ಕೆ ಎಷ್ಟು ಹೋಯಿತು, ಕರೆಂಟಿಗೆ ಎಷ್ಟು, ಉಳಿದದ್ದೆಷ್ಟು ಎಂದು ಓದಿ ಹೇಳುವುದು. ಉಳಿದದ್ದರಲ್ಲಿ ಒಂದು ಪಾಲು ದಸರಾಕ್ಕೆ ನಮಗೆ. ಅಲ್ಲಿಯವರೆಗೆ ಒಪ್ಪಬಹುದಿತ್ತು. ಆದರೆ ಗೋಡೆಗೆ ಒಂದು ಕಪ್ಪು ಹಲಗೆ ಬಡಿಸಿ, ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ ಮಾಡುವವರು ತಾವು ಕೆಡಿಸಿದ ಜಾಬ್, ಅಂದರೆ ಕಡೆದ ತುಂಡು, ಎಷ್ಟೆಂದು ತಮ್ಮ ಕೈಯಾರೆ ಬರೆಯಬೇಕು ಅಂದಾಗ ನನಗೆ ಪಿತ್ತ ನೆತ್ತಿಗೇರಿತು.

"ನಮ್ಮ ಇಜ್ಜತ್ ಯಾಕ ಗೋಡಿಗಿ ಹಾಕ್ತೀರಿ?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕು, ಹಿಂದಿನ ತಿಂಗಳು ತಾವು ನಷ್ಟಕ್ಕೆ ಒಪ್ಪಿಕೊಂಡ ಒಂದು ಆರ್ಡರನ್ನು ಹಲಗೆಯ ಮೊದಲ ಸಾಲಿನಲ್ಲೇ ಬರೆದರು. ನಾನು ನನ್ನ ಮೇಜಿಗೆ ಮರಳಿದೆ.

ನಿಜ ಹೇಳಬೇಕೆಂದರೆ ಆ ಹಲಗೆಯಿಂದ ಒಳ್ಳೆಯದೇ ಆಯಿತು. ಯಾರೂ ಹೇಳದಿದ್ದರೂ ಖಾಲಿ ಓಡುವ ಫ್ಯಾನ್ ಆರಿಸತೊಡಗಿದೆವು. ಶಾಫ್ಟು ಕತ್ತರಿಸಿ ಉಳಿದ ತುಂಡಿನಲ್ಲಿ ಪಿನ್ನು ಮಾಡಬಹುದೆಂದು ಕಂಡುಹಿಡಿದವನು ಮೆಹಕರದ ಹುಡುಗ. ಹುಡುಗ ಅನ್ನುವುದು ರೂಢಿ, ಅವನಿಗೆ ಇಬ್ಬರು ಮಕ್ಕಳು. ಪಕ್ಕದಲ್ಲಿ ಎರಡನೇ ಶೆಡ್ಡು ಎದ್ದಾಗ, ಅದು ನಮ್ಮದೇ ಮನೆ ಎಂಬಂತೆ ಗೋಡೆಗೆ ನೀರು ಹೊಡೆದೆವು.

ನಮ್ಮಲ್ಲಿ ಲೇತ್ ನಾಲ್ಕು. ಒಂದರ ಮೇಲೆ ಸಂತಪುರದಿಂದ ದಿನಾ ಬಸ್ಸಿಗೆ ಬರುವ ಹಿರಿಯರು. ಎಲ್ಲರಿಗೂ ಅವರು ಕಾಕಾ. ಉಳಿದ ಮೂರರ ಮೇಲೆ ಅವರ ಕೈಕೆಳಗೆ ಕಲಿತ ಮೂವರು. ಒಂದು ಮಳೆಗಾಲದಲ್ಲಿ ಆ ಮೂವರ ಸಾಲಿನಲ್ಲೂ ಕೆಟ್ಟ ಜಾಬ್‌ಗಳು ಏರುತ್ತ ಹೋದವು. ಕಾಕಾರ ಸಾಲು ಮಾತ್ರ ಸ್ವಚ್ಛ. ಅಳೆಯುವಾಗ ಒಂದು ದಿನ ನನ್ನ ಬೆರಳಿಗೆ ಏನೋ ಬೇರೆಯಾಗಿ ತಾಗಿತು. ಮುಟ್ಟಿದವರ ಕೈ ಕೊಯ್ಯಬಾರದೆಂದು ಪ್ರತಿ ಶಾಫ್ಟಿನ ಅಂಚಿಗೆ ಅರ ತಿಕ್ಕಿ ನುಣ್ಣಗೆ ಮಾಡುವವರು ಕಾಕಾ ಒಬ್ಬರೇ. ಆ ನುಣ್ಣನೆಯ ಅಂಚು ಮೂವರ ಕೆಟ್ಟ ಜಾಬ್‌ಗಳಲ್ಲಿತ್ತು.

ಆ ಮೂವರಲ್ಲಿ ಒಬ್ಬನಾದ ಮೆಹಕರದವನನ್ನು ತಡೆದು ಕೇಳಿದೆ. ಕಾಕಾ ಊಟಕ್ಕೆ ಹೋದಾಗ ಅವರ ಪೆಟ್ಟಿಗೆಯ ಕೆಟ್ಟವನ್ನು ತಾವು ಮೂವರೂ ಎತ್ತಿಕೊಂಡು, ಅಷ್ಟೇ ಒಳ್ಳೆಯವನ್ನು ಇಟ್ಟುಬರುತ್ತಿದ್ದರಂತೆ.

"ಅಕ್ಕಾ, ನನಗ ಲೇತ್ ಕಲಿಸಿದವ್ರು ಅವ್ರು. ಅವ್ರ ಹೆಸರ ಮುಂದ ಹನ್ನೊಂದು ಖರಾಬ್ ಅಂತ ಹ್ಯಾಂಗ ನೋಡ್ಲಿ? ಮನಿಗಿ ಕಳಿಸಿಬಿಟ್ರ?"

ಊರಿಗೆಲ್ಲ ಬೈಯುವ ನಾನು ಅವತ್ತು ಸುಮ್ಮನಾದೆ. ಒಂದು ತಿಂಗಳು ಸುಮ್ಮನೇ ಇದ್ದೆ. ಈ ತಪ್ಪಿನಲ್ಲಿ ನನ್ನ ಪಾಲು ಅದು.

ಹಲಗೆಯನ್ನೇ ನಂಬಿದ ಮಾಲೀಕರು ಒಂದು ಸೋಮವಾರ ಹೇಳಿದರು: "ಮೂರೂ ಲೇತ್ ಮುದುಕಾಗ್ಯಾವ. ಈ ಸಲ ದಸರಾದ ಪಾಲು ಬಿಟ್ಟು ಹೊಸಾವು ತರೋಣೇನು? ಮುಂದಿನ ಸೋಮವಾರ ನೀವೇ ಹೇಳ್ರಿ. ಅಲ್ಲೀತನ ಕಾಕಾರನ್ನ ನೋಡಿ ಕಲೀರಿ." ಮೂವರೂ ತಲೆ ತಗ್ಗಿಸಿದರು. ಕಾಕಾರ ಮುಖ ಅರಳಿತ್ತು. ಅದನ್ನು ನೋಡಿದ ಮೇಲೆ ನನಗೆ ಹೆಚ್ಚು ದಿನ ತಡೆಯಲಾಗಲಿಲ್ಲ.

ಶನಿವಾರ ಚಹಾದ ಹೊತ್ತಿಗೆ ಹೇಳಿಬಿಟ್ಟೆ. "ಕಾಕಾ, ನಿಮ್ಮ ಖರಾಬ್ ಜಾಬ್ ಆ ಮೂವರ ಪೆಟ್ಟಿಗ್ಯಾಗ ಅದಾವ್ರಿ."

ಅವರಿಗೆ ಗೊತ್ತೇ ಇರಲಿಲ್ಲ. ಒಂದು ಶಾಫ್ಟು ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಯಾವಾಗಿಂದ ಅವ್ವಾ?" ಅಂದರು. ಎರಡು ತಿಂಗಳಾಯಿತೆಂದೆ. ಚಹಾ ಕುಡಿಯದೆ ಬಸ್ಸಿಗೆ ಹೋದರು. ಆ ಭಾನುವಾರ ನನಗೆ ರೊಟ್ಟಿ ಸೇರಲಿಲ್ಲ. ಅವರು ಇನ್ನು ಬರುವುದಿಲ್ಲ, ನನ್ನ ಬಾಯಿಂದಲೇ ಹೀಗಾಯಿತು ಅಂದುಕೊಂಡೆ.

ಸೋಮವಾರ ಹೋದಾಗ ಕಾಕಾ ನನಗಿಂತ ಮೊದಲೇ ಬಂದಿದ್ದರು. ಮೂಲೆಯ ಕೆಟ್ಟ ಮಾಲಿನ ರಾಶಿಯ ಮುಂದೆ ಕುಳಿತು, ಒಂದೊಂದನ್ನೂ ಬೆರಳಲ್ಲಿ ಸವರಿ ತಮ್ಮದನ್ನು ಬೇರೆ ಮಾಡುತ್ತಿದ್ದರು. ಎಲ್ಲರೂ ಸೇರಿದ ಮೇಲೆ ಒದ್ದೆ ಬಟ್ಟೆಯಿಂದ ಮೂವರ ಅಂಕಿಗಳನ್ನು ಒರೆಸಿ, ಆರಿಸಿ ತೆಗೆದಷ್ಟನ್ನೂ ತಮ್ಮ ಸಾಲಿನಲ್ಲಿ ಬರೆದರು.

"ಲೇತ್ ಛಲೋ ಅದಾವ್ರಿ ಸಾಹುಕಾರ್ರ. ಖರಾಬ್ ಆಗಿದ್ದು ನನ್ನ ಕಣ್ಣು. ಅಳತಿ ನೋಡೋ ವರ್ನಿಯರಿನ ಗೆರಿ ಕಾಣಂಗಿಲ್ಲ. ಅಂದಾಜಿನ ಮ್ಯಾಲ ಮಾಡಾಕತ್ತಿದ್ದೆ." ಆಮೇಲೆ ಮೂವರ ಕಡೆ ತಿರುಗಿದರು. "ನನ್ನ ಖರಾಬ್ ಮಾಲ್ ನಿಮ್ಮ ಹೆಸರಿಗಿ ಬರಕೊಂಡ್ರಿ. ಇನ್ನ ನಾ ಛಲೋ ಮಾಡಿದ್ದು ನಂದೇ ಅಂತ ಯಾರು ನಂಬ್ತಾರ?"

ನಾನು ಅತ್ತೆ. ಮಾಲೀಕರು ಹಲಗೆಯನ್ನೇ ನೋಡುತ್ತ ನಿಂತು, ಹಿಸಾಬ್ ಎಲ್ಲರದೂ, ಏನು ಮಾಡೋಣವೆಂದು ನೀವೇ ಹೇಳಿ ಎಂದರು. ಮೆಹಕರದವನೇ ಕಡೆಗೆ ಬಾಯಿ ಬಿಟ್ಟ: "ಮೂರು ಲೇತ್ ಬ್ಯಾಡ್ರಿ. ಕಾಕಾಗ ಎರಡು ಕಣ್ಣು ಮಾಡಸ್ರಿ, ಸೋವಿ ಬೀಳ್ತದ." ಕಾಕಾ ಕೂಡ ನಕ್ಕರು.

ಪೊರೆ ಬಂದಿದೆ ಅಂದರು ಡಾಕ್ಟರು. ಆಪರೇಶನ್ ಆಗಿ ಅವರು ಮರಳುವ ತನಕ ಆ ಲೇತನ್ನು ಯಾರಿಗೂ ಕೊಡಲಿಲ್ಲ. ಬಂದ ಮೊದಲ ದಿನವೇ ಎರಡು ಜಾಬ್ ಕೆಟ್ಟವು. ನನ್ನ ಮೇಜಿನ ಮೇಲಿದ್ದ ಅವುಗಳತ್ತ ಮೆಹಕರದವನ ಕೈ ತಾನಾಗಿ ಚಾಚಿತು. ಕಾಕಾ ಆ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟು, ಹಲಗೆಯತ್ತ ಹೋಗಿ, ತಮ್ಮ ಸಾಲಿನಲ್ಲಿ ಎರಡು ಎಂದು ಬರೆದರು. ಬಾಗಿಲವರೆಗೂ ಹಿಂದೆ ಸರಿದು ನಿಂತು ನೋಡಿದರು.

"ಇಲ್ಲಿಂದನೂ ಕಾಣಸ್ತದ" ಅಂದರು.