ತಲೆಬಾಗಿಲ ಮುಂದಿದ್ದ ಮಣ್ಣು

ಅವರೆಕಾಳು ಹಿತುಕುತ್ತ ಕೂತಿದ್ದಾಗ ಸುದ್ದಿ ಬಂತು. ಅದಕ್ಕೂ ಮೊದಲು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಹಿಂಬದಿ ಮನೆಯ ಶಮೀಮ್ ಅವರ ಹಿತ್ತಿಲಿಗೆ ಎಣ್ಣೆ ಕುಡಿದ ಮಣ್ಣು ಹಾಕಿಸಿದವಳು ನಾನು. ಗೊತ್ತಿದ್ದೇ ಹಾಕಿಸಿದೆ.

ಜಕ್ಕೂರಿನಲ್ಲಿ ನಾವು ಮನೆ ಕಟ್ಟಿಸಿದ ಜಾಗದಲ್ಲಿ ಹಿಂದೆ ಎಣ್ಣೆ ಪೈಪು ಹಾದುಹೋಗಿತ್ತಂತೆ. ಪೈಪು ಕಿತ್ತು ಎಷ್ಟೋ ವರ್ಷವಾಗಿದ್ದರೂ ಪಾಯ ತೋಡಿದಾಗ ಸೀಮೆಎಣ್ಣೆ ವಾಸನೆಯ ಕಪ್ಪು ಮಣ್ಣು ಬಂತು. ಇಂಜಿನಿಯರ್ ಅದನ್ನು ಟಾರ್ಪಾಲಿನ ಮೇಲೆ ಬೇರೆ ಗುಡ್ಡೆ ಹಾಕಿಸಿ ಮುಚ್ಚಿಸಿದರು. "ಯಾರಿಗೂ ಕೊಡ್ಬೇಡಿ ಅಮ್ಮ, ಒಳ್ಳೆ ಮಣ್ಣಿಗೂ ಬೆರೆಸ್ಬೇಡಿ. ಸಾಗಿಸೋಕೆ ಬೇರೆ ಗಾಡಿ ಬರುತ್ತೆ," ಎಂದರು.

ಗಾಡಿ ಬರಲಿಲ್ಲ. ಬಾಗಿಲು ಇಡುವ ಪೂಜೆ ಹತ್ತಿರ ಬಂತು. ಗುಡ್ಡೆ ಇದ್ದದ್ದು ತಲೆಬಾಗಿಲಿನ ಎದುರಿಗೇ. ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲಿಗೆ ಆ ವಾಸನೆ — ಮನಸ್ಸು ಒಪ್ಪಲಿಲ್ಲ. ಹಿತ್ತಿಲು ತಗ್ಗಾಗಿದೆ, ಮಣ್ಣು ಮಿಕ್ಕಿದರೆ ಕೊಡಿ ಎಂದು ಶಮೀಮ್ ಕೇಳಿದ್ದರು. ಅವರು ತವರಿಗೆ ಹೋದ ದಿನ ನೋಡಿ ಅದನ್ನು ಅಲ್ಲಿ ಸುರಿಸಿ, ಮೇಲೆ ಕೆಂಪು ಮಣ್ಣು ಹರಡಿಸಿದೆ. ಗಾಡಿ ಬಂದು ಒಯ್ದಿತು ಎಂದು ನಮ್ಮವರಿಗೂ ಸುಳ್ಳು ಹೇಳಿದೆ.

ನಮ್ಮ ಬೀದಿಯಲ್ಲಿ ಯಾರ ಮನೆಗೆ ಕರಿಬೇವಿನ ಸಸಿ ಬಂದರೂ ಶಮೀಮ್ ಕೈಯಲ್ಲೇ ನೆಡಿಸುತ್ತಿದ್ದರು — ಅಂಥ ಕೈಗುಣ ಅವರದು. ಆ ಮಣ್ಣಿನಲ್ಲಿ ಅವರ ಪುದೀನ ಕರಟಿತು, ನುಗ್ಗೆ ಒಣಗಿತು. "ನನ್ ಕೈಗುಣ ಹೋಯ್ತು ಕಣ್ರೀ ಸರೋಜಮ್ಮ," ಎಂದರು. ನಾನು ಅಂದದ್ದು — "ಈ ಸಲ ಬಿಸಿಲು ಜಾಸ್ತಿ ಅಲ್ವಾ." ಅಷ್ಟೇ. ಆಮೇಲೆ ಅವರು ಯಾರ ಮನೆಯಲ್ಲೂ ಗಿಡ ನೆಡಲಿಲ್ಲ. ಕರೆದರೆ ದುಪಟ್ಟದೊಳಗೆ ಕೈ ಮುಚ್ಚಿಕೊಂಡು ನಗುತ್ತಿದ್ದರು. ದಿನಾ ದೀಪ ಹಚ್ಚುವ ನಾನು, ಅದನ್ನು ನೋಡಿಯೂ...

ಅವರೆಕಾಳು ಹಿತುಕುತ್ತಿದ್ದ ಆ ದಿನ ನಮ್ಮವರು ತಂದ ಸುದ್ದಿ ಇದು: ಮಗ ಸೊಸೆಗೆಂದು ಶಮೀಮ್ ಹಿತ್ತಿಲಲ್ಲಿ ಕೋಣೆ ಕಟ್ಟಿಸಲು ಹೊರಟಿದ್ದಾರೆ, ಪಾಯದಲ್ಲಿ ಕಪ್ಪು ಮಣ್ಣು ಬಂದಿದೆ. "ಪೈಪು ಅವ್ರ ಮನೆ ಕೆಳಗೂ ಹೋಗಿರ್ಬೇಕು, ಅಡುಗೆಮನೆ ನೆಲ ಒಡೆದು ನೋಡ್ಬೇಕು ಅಂತಿದಾನೆ ಮೇಸ್ತ್ರಿ."

ಕೈ ತೊಳೆದು ಅವರ ಹಿತ್ತಿಲಿಗೆ ಹೋದೆ. ಎಲ್ಲ ಹೇಳಿದೆ.

ಶಮೀಮ್ ಗುಂಡಿಯ ಕಡೆ ಕೈ ತೋರಿಸಿದರು. "ಆ ವಾಸನೆ ನಿಮ್ ದೇವ್ರಿಗೆ ಆಗ್ಬಾರ್ದು, ನಮ್ಗಾದ್ರೆ ಪರವಾಗಿಲ್ವಾ?"

ಆಮೇಲೆ ಅವರು ತಮ್ಮ ಅಂಗೈ ನೋಡಿಕೊಂಡರು. "ಅಂದ್ರೆ... ನನ್ ಕೈಗೇನೂ ಆಗಿರ್ಲಿಲ್ಲ."

ಆ ಮಣ್ಣನ್ನು ಈಗ ಹೇಗೆ ಸಾಗಿಸಬೇಕೋ ಹಾಗೆಯೇ ಸಾಗಿಸಿದ್ದೇವೆ — ಮುಚ್ಚಿದ ಗಾಡಿಯಲ್ಲಿ, ಅಂಥ ಮಣ್ಣು ಶುದ್ಧ ಮಾಡುವ ಕಡೆಗೆ. ಕೊನೆಯ ಬುಟ್ಟಿ ಏರುವ ತನಕ ನಾನು ಅಲ್ಲೇ ನಿಂತಿದ್ದೆ. ತಳದ ಮಣ್ಣನ್ನು ಪರೀಕ್ಷೆ ಮಾಡಿಸಿದರು, ಚೆನ್ನಾಗಿದೆಯಂತೆ. ಅಡುಗೆಮನೆ ಉಳಿಯಿತು, ಕೋಣೆಯ ಕೆಲಸ ಮತ್ತೆ ಶುರುವಾಗಿದೆ, ದೇವರು ದೊಡ್ಡವನು. ಕ್ಷಮಿಸಿದೆ ಎಂದು ಶಮೀಮ್ ಹೇಳಿಲ್ಲ. ಕೇಳುವ ಮುಖ ನನಗೂ ಇಲ್ಲ.

ಇವತ್ತು ಬೆಳಗ್ಗೆ ಅವರೇ ಗೇಟಿನ ಹತ್ತಿರ ಬಂದು ನಿಂತರು. "ದಾಸವಾಳದ ಕಡ್ಡಿ ಸಿಕ್ತು. ಹಳೇ ಬಕೆಟ್ ಇದ್ರೆ ಕೊಡಿ, ನೆಟ್ಕೊಡ್ತೀನಿ. ಮಣ್ಣು ಮಾತ್ರ ನಾನೇ ತರ್ತೀನಿ."

ನಕ್ಕರೋ ಇಲ್ಲವೋ, ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ. ಬಕೆಟ್ ಕೊಟ್ಟು, ನೆನೆಸಿಟ್ಟಿದ್ದ ಅಕ್ಕಿ ಉದ್ದು ರುಬ್ಬಲು ಒಳಗೆ ಹೋದೆ.