‘ಹೋಗ್ಯಾನ’ ಅಂದರೆ ಎಲ್ಲಿಗೆ?

ಬದುಕಿರುವ ಮನುಷ್ಯನಿಗಾಗಿ ನೀವು ಯಾವತ್ತಾದರೂ ಅತ್ತಿದ್ದೀರಾ? ನಾನು ಹೋದ ವಾರ ಅತ್ತೆ. ಎದುರು ಮನೆಯ ನಾಗಮ್ಮನ ಹೆಗಲು ಹಿಡಿದುಕೊಂಡು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಚೆನ್ನಾಗಿಯೇ ಅತ್ತೆ. ಆ ಹೊತ್ತಿನಲ್ಲಿ ಅವಳ ಮಗ ಶಿವರಾಜ ಆಂಬುಲೆನ್ಸಿನೊಳಗೆ ಮಲಗಿ ಕುಡಿಯೋಕೆ ನೀರು ಕೇಳುತ್ತಿದ್ದನಂತೆ.

ನಗು ಬಂದರೆ ನಕ್ಕುಬಿಡಿ. ನನಗೆ ಮಾತ್ರ ಈ ವಾರ ನಗುವುದಕ್ಕೂ ಅಳುವುದಕ್ಕೂ ಶಕ್ತಿ ಉಳಿದಿಲ್ಲ. ಬರೆಯುವ ಮನಸ್ಸೂ ಇರಲಿಲ್ಲ. ಆದರೆ ಅಂಕಣ ಅನ್ನುವುದು ಹಾಲು ಕೊಡುವ ಎಮ್ಮೆಯ ಹಾಗೆ, ಮನೆಯಲ್ಲಿ ಏನೇ ಆದರೂ ಹೊತ್ತಿಗೆ ಸರಿಯಾಗಿ ಕೂಗುತ್ತದೆ.

ನಮ್ಮೂರು ಬೀದರಿನ ಗಡಿಗೆ ಅಂಟಿಕೊಂಡ ತೆಲಂಗಾಣದ ನ್ಯಾಲ್ಕಲ್ ಕಡೆಯದು ಅಂತ ನಿಮಗೆ ಗೊತ್ತು. ಶಿವರಾಜ ಜಹೀರಾಬಾದಿನ ಒಂದು ಬೇಳೆ ಮಿಲ್ಲಿಗೆ ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. (ನಾನು ಅದೇ ಊರಿನ ಕಾಲೇಜಿಗೆ ಪಾಠ ಮಾಡಲು ಜೀಪಿನಲ್ಲಿ ನೇತಾಡಿಕೊಂಡು ಹೋಗುತ್ತೇನೆ.) ಮದುವೆಯಾಗಿ ಇನ್ನೂ ಹೊಸತು. ಹೆಂಡತಿ ಸುನೀತಾ ಔರಾದ ಕಡೆಯ ಹುಡುಗಿ, ಮಾತು ಕಡಿಮೆ, ಕೈತುಂಬ ಹಸಿರು ಬಳೆ. ಬುಧವಾರ ಮಧ್ಯಾಹ್ನ ಶಿವರಾಜನ ಬೈಕು ಕಬ್ಬಿನ ಟ್ರಾಲಿಗೆ ಗುದ್ದಿತು. ಪಕ್ಕದ ಹೊಲದಲ್ಲಿದ್ದ ರೈತನೊಬ್ಬ ಅವನನ್ನು ಗುರುತು ಹಿಡಿದು ಆಂಬುಲೆನ್ಸಿಗೂ ಪೊಲೀಸರಿಗೂ ಫೋನ್ ಮಾಡಿದ. ಆಂಬುಲೆನ್ಸ್ ಮೊದಲು ಬಂತು, ಎತ್ತಿ ಹಾಕಿಕೊಂಡು ಹೊರಟೇಹೋಯಿತು. ಇಲ್ಲಿಯವರೆಗೆ ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ, ನೋಡಿ.

ಆಮೇಲೆ ಎಸ್‌ಐ ಆ ರೈತನಿಗೆ ಫೋನ್ ಮಾಡಿದರು. (ಯಾವ ಠಾಣೆ, ಏನು ಹೆಸರು ಅಂತ ಕೇಳಬೇಡಿ. ಆ ಮನುಷ್ಯನ ಹೆಸರು ಈಗಾಗಲೇ ಬೇಕಾದಷ್ಟು ಮೊಬೈಲುಗಳಲ್ಲಿ ಓಡಾಡಿದೆ.) ಗೋದಾವರಿ ಕಡೆಯವರು, ನಮ್ಮ ಕಡೆಗೆ ಹೊಸಬರು. ಹುಡುಗ ಹೇಗಿದ್ದಾನೆ ಅಂತ ತೆಲುಗಿನಲ್ಲಿ ಕೇಳಿದರು. ರಕ್ತ ನೋಡಿ ಗಾಬರಿಯಾಗಿದ್ದ ರೈತ ಅಳುದನಿಯಲ್ಲಿ ಹೇಳಿದ, “ಹೋಗ್ಯಾನ ರೀ ಸಾಹೇಬ್ರ, ಹೋಗ್ಯಾನ.”

ನಮ್ಮ ಕಡೆ ‘ಹೋಗ್ಯಾನ’ ಅಂದರೆ ಹೋಗಿದ್ದಾನೆ, ಅಷ್ಟೇ. ಹೊಲಕ್ಕೆ ಹೋಗ್ಯಾನ, ಬೀದರಿಗೆ ಹೋಗ್ಯಾನ, ದವಾಖಾನಿಗೆ ಹೋಗ್ಯಾನ. ತೆಲುಗಿನ ‘ಪೋಯಾಡು’ ಕೂಡ ಹೋದ ಅಂತಲೇ. ಆದರೆ ಹೇಗಿದ್ದಾನೆ ಅಂತ ಕೇಳಿದ್ದಕ್ಕೆ ‘ಪೋಯಾಡು’ ಅಂದರೆ ಆ ಹೋದವನು ತಿರುಗಿ ಬರುವುದಿಲ್ಲ. ಸಾಹೇಬರ ಕಿವಿಗೆ ಬಿದ್ದದ್ದು ಕನ್ನಡ, ಅವರ ತಲೆಯಲ್ಲಿ ಇಳಿದದ್ದು ತೆಲುಗು.

ಆಂಬುಲೆನ್ಸಿಗೆ ಒಂದು ಫೋನ್ ಮಾಡಿ ವಿಚಾರಿಸಬೇಕಿತ್ತು. ಮಾಡಲಿಲ್ಲ. ತಪ್ಪು ಅವರದೇ, ಅದರಲ್ಲಿ ಎರಡು ಮಾತಿಲ್ಲ.

ಮತ್ತೆ ಇನ್ನೊಂದು ಸಂಗತಿ. ಆ ಎಸ್‌ಐ ಕ್ರೈಸ್ತರು, ದೇವರಿಗೆ ಹೆದರುವ ಪೈಕಿ. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು, ಕಾನ್‌ಸ್ಟೇಬಲ್ ಕೈಯಲ್ಲಿ ಹೇಳಿ ಕಳಿಸಬಾರದು, ತಾನೇ ಹೋಗಬೇಕು ಅಂತ ಅವರೇ ಹಾಕಿಕೊಂಡ ನಿಯಮವಂತೆ. ಹಾಗಾಗಿ ತಾವೇ ಬಂದರು. ಹೊಸ್ತಿಲ ಹೊರಗೆ ಬೂಟು ಬಿಚ್ಚಿದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಾಗಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು, ಅವಳ ಎದುರು ನೆಲದ ಮೇಲೆಯೇ ಕೂತು, “ಅಮ್ಮಾ, ಮೀ ಅಬ್ಬಾಯಿ ಪೋಯಾಡಮ್ಮಾ” ಅಂದರು. ಆ ಮಾತಿಗೆ ದುಭಾಷಿ ಬೇಕಾಗಲಿಲ್ಲ. ಆಮೇಲೆ ಅನುಮತಿ ಕೇಳಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿದರು.

ಯಾರೋ ಪೇದೆ ಬಂದು ಗೇಟಿನಲ್ಲಿ ನಿಂತು ಕೂಗಿದ್ದರೆ ನಾವು ನಂಬುತ್ತಿದ್ದೆವಾ? “ಏಯ್, ಸರಿಯಾಗಿ ಕೇಳ್ಕೊಂಡು ಬಾರಪ್ಪ” ಅಂತ ದಬಾಯಿಸುತ್ತಿದ್ದೆವು. ಆದರೆ ಪೊಲೀಸ್ ಸಾಹೇಬನೇ ಬೂಟು ಬಿಚ್ಚಿ, ನೆಲಕ್ಕೆ ಕೂತು, ಕಣ್ಣು ಮುಚ್ಚಿದ ಮೇಲೆ ಇನ್ನೇನು ಉಳಿಯಿತು? ಅವರ ಒಳ್ಳೆಯತನವೇ ಆ ಸುಳ್ಳು ಸುದ್ದಿಗೆ ಸೀಲು ಹೊಡೆಯಿತು.

ಅವರು ಹೋದರು. ಓಣಿ ಒಳಗೆ ನುಗ್ಗಿತು. ಸುನೀತಾ ಬಾಗಿಲ ಚೌಕಟ್ಟಿಗೆ ಎರಡೂ ಕೈ ಬಡಿದುಕೊಂಡಳು, ಬಳೆ ಚೂರಾದವು. ನಾಗಮ್ಮನ ನಾದಿನಿ ಗುಂಡಮ್ಮತ್ತಿ ಅಂತ ಒಬ್ಬಳಿದ್ದಾಳೆ, ಓಣಿಯ ಹಿರಿಯಳು, ಹುಟ್ಟಿಗೂ ಸಾವಿಗೂ ಅವಳ ಮಾತೇ ಆಖೈರು. ಅವಳು ಬಂದವಳೇ ಸೆರಗಿನ ತುದಿಯಿಂದ ಸುನೀತಾಳ ಹಣೆಯ ಕುಂಕುಮ ಒರೆಸಿಬಿಟ್ಟಳು. “ತಡೀರಿ, ಹೆಣಾನರ ಬರಲಿ” ಅಂದೆ. ಯಾರ ಕಿವಿಗೂ ಬೀಳಲಿಲ್ಲ. ಕಾಲೇಜಿನಲ್ಲೂ ನನ್ನ ಮಾತಿನ ಗತಿ ಅದೇ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಸುನೀತಾಳ ಫೋನ್ ಹೊಡೆದುಕೊಳ್ಳತೊಡಗಿತು. ನಾನು ಎತ್ತಿದೆ. ಆಂಬುಲೆನ್ಸಿನಲ್ಲಿ ಪೇಷೆಂಟ್ ನೋಡಿಕೊಳ್ಳುವ ಹುಡುಗಿ. “ಶಿವರಾಜ್ ಕೆ ಘರ್ ಸೇ? ಪೇಷೆಂಟ್ ಹೋಶ್ ಮೇ ಹೈ. ಪೈರ್ ಟೂಟಾ. ಫಿಕರ್ ನಕ್ಕೋ ಕರೋ, ಸಂಗಾರೆಡ್ಡಿ ಲೇಕೇ ಜಾರೇ.” ಎಚ್ಚರವಾಗಿದ್ದಾನೆ, ಕಾಲು ಮುರಿದಿದೆ, ಸಂಗಾರೆಡ್ಡಿಗೆ ಒಯ್ಯುತ್ತಿದ್ದೇವೆ ಅಂತ. ಹಿಂದಿನಿಂದ ಶಿವರಾಜನ ದನಿ ಕೇಳಿತು: “ಅವ್ವಗ ಹೇಳಬ್ಯಾಡಂತ ಅನ್ರಿ, ಸುಮ್ನ ಗಾಬರಿ ಆಗ್ತಾಳ.”

ಅವ್ವ ಹೊರಗೆ ಎದೆ ಬಡಿದುಕೊಳ್ಳುತ್ತಿದ್ದಳು.

ಸಂತೋಷದ ಗಲಾಟೆ ಹೇಗಿತ್ತು ಅಂತ ವರ್ಣಿಸುವುದಿಲ್ಲ. ಅದು ಬೇಗ ಮುಗಿಯಿತು. ಸಂಜೆಯೊಳಗೆ ಕಾಲಿಗೆ ಆಪರೇಷನ್, ಅದಕ್ಕೆ ಮುಂಚೆ ಹೆಂಡತಿಯನ್ನು ನೋಡಬೇಕು ಅಂತ ಶಿವರಾಜ ಮತ್ತೆ ಫೋನ್ ಮಾಡಿಸಿದ. ಬಾಗಿಲಿಗೆ ಬಾಡಿಗೆ ಜೀಪು ಬಂತು. ಸುನೀತಾ ಚಪ್ಪಲಿ ಮೆಟ್ಟಿಕೊಂಡಳು. ಗುಂಡಮ್ಮತ್ತಿ ಬಾಗಿಲಿಗೆ ಅಡ್ಡ ನಿಂತಳು.

“ಬರಿಗೈಲೆ, ಬರಿ ಹಣಿಲೆ ಗಂಡನ ಮುಂದ ಹೋಗ್ತೀ ಏನು? ಅವಗ ಇನ್ನೊಂದು ಏನರ ಆದ್ರ?”

“ಹಾಗಾದ್ರ ಕುಂಕುಮ ಹಚ್ರಿ, ಬಳಿ ಹಾಕ್ರಿ” ಅಂದೆ.

“ಹ್ಯಾಂಗ ಹಚ್ಚಾಕ ಬರ್ತದ ಟೀಚರಮ್ಮ? ಮನ್ಯಾಗ ಕುಂತು ಸಾವಿನ ಮಾತು ಆಡಿ ಹೋಗ್ಯಾರ. ಯಾವ ಬಾಯಿ ಪೋಯಾಡು ಅಂತೋ ಅದ ಬಾಯಿ ಬಂದು ಬದುಕ್ಯಾನ ಅನಬೇಕು. ಅಲ್ಲೀತನಕ ಆಕಿ ಹೊಸ್ತಿಲ ದಾಟಂಗಿಲ್ಲ.”

ಇದು ನಮ್ಮ ಕಡೆಯ ಹಳೆಯ ಮಾತು. ಆಡಿದ ಅಪಶಕುನವನ್ನು ಆಡಿದವರೇ ಹಿಂತೆಗೆಯಬೇಕು. ಸಾಮಾನ್ಯವಾಗಿ ಅತ್ತೆ ಸೊಸೆ ಜಗಳದಲ್ಲಿ ಬಾಯಿ ತಪ್ಪಿ ಬಂದ ಶಾಪಕ್ಕೆ ಇದು ಅನ್ವಯಿಸುತ್ತದೆ. ಪೊಲೀಸ್ ಠಾಣೆಗೆ ಅನ್ವಯಿಸಿದ್ದು ಇದೇ ಮೊದಲು. ಎಸ್‌ಐ ಬರುತ್ತಾರಾ? ಯಾರು ಕರೆಯುವುದು? ಕರೆದರೆ ಬರುವ ಜಾತಿಯಾ ಪೊಲೀಸರದು? ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ಸುನೀತಾ ಚಪ್ಪಲಿ ಬಿಡದೆ ಗೋಡೆಗೆ ಒರಗಿ ನಿಂತಿದ್ದಳು. ನಾನು ಕೊನೆಗೆ ಹೋಮ್‌ಗಾರ್ಡ್ ದಾನಪ್ಪನಿಗೆ ಫೋನ್ ಮಾಡಿದೆ. ದಾನಪ್ಪ ನಮ್ಮೂರಿನವನು, ಅದೇ ಠಾಣೆಯಲ್ಲಿ ಜೀಪು ಓಡಿಸುತ್ತಾನೆ.

ಠಾಣೆಯಲ್ಲಿ ಏನಾಯಿತು ಅಂತ ಆಮೇಲೆ ಅವನೇ ಹೇಳಿದ. ತಪ್ಪು ಗೊತ್ತಾದ ಕೂಡಲೇ ಸಿಬ್ಬಂದಿಯೆಲ್ಲ ಸಾಹೇಬರಿಗೆ ಬುದ್ಧಿ ಹೇಳಿದರಂತೆ. ಹೋಗಬೇಡಿ ಸಾರ್, ಜನ ರೊಚ್ಚಿಗೆದ್ದಿರುತ್ತಾರೆ. ಸ್ಥಳದಲ್ಲಿದ್ದವರೇ ತಪ್ಪು ಮಾಹಿತಿ ಕೊಟ್ಟರು ಅಂದುಬಿಡೋಣ. ಎರಡು ದಿನ ಸುಮ್ಮನಿದ್ದರೆ ಎಲ್ಲ ಮರೆಯುತ್ತಾರೆ. ನಿಜ ಹೇಳಬೇಕೆಂದರೆ ಆ ಕೊನೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾವು ಮರೆಯುತ್ತೇವೆ. ಎಂತೆಂಥವನ್ನೋ ಮರೆತಿದ್ದೇವೆ.

ಸಾಹೇಬರು ಜೀಪು ಹತ್ತಿದರು. ಆದರೆ ನಮ್ಮ ಓಣಿಯ ಮೂಲೆಗೆ ಬಂದು, ಮನೆ ಮುಂದಿನ ಗುಂಪು ನೋಡಿ, ಇಳಿಯಲೇ ಇಲ್ಲವಂತೆ. “ದಾನಪ್ಪ, ಒಂದು ಸಲ ಪ್ರಾರ್ಥನೆ ಮಾಡೋಣ” ಅಂದರಂತೆ. ದಾನಪ್ಪ ಎಂಜಿನ್ ಬಂದ್ ಮಾಡಿ, ಕೀಲಿ ಕಿತ್ತು ಕಿಸೆಗೆ ಹಾಕಿಕೊಂಡ.

“ಆಮ್ಯಾಲ ಮಾಡೋಣ್ರಿ ಸಾರ್. ಮೊದಲ ಇಳೀರಿ.”

ಹೋಮ್‌ಗಾರ್ಡ್ ಎಸ್‌ಐಗೆ ಇಳೀರಿ ಅನ್ನುವುದು ಯಾವ ಇಲಾಖೆಯ ರೂಲ್ ಅಂತ ನೀವು ಕೇಳಬಹುದು. ನನಗೂ ಆಗ ತಿಳಿಯಲಿಲ್ಲ. ಭಾನುವಾರ ತಿಳಿಯಿತು.

ಸಾಹೇಬರು ಗುಂಪಿನ ನಡುವೆ ನಡೆದು ಬಂದರು. ಬೈಗುಳ ಬಿದ್ದವು. ಹುಡುಗರು ಮೊಬೈಲು ಎತ್ತಿ ಹಿಡಿದರು. ಮತ್ತೆ ಬೂಟು ಬಿಚ್ಚಿ ಹೊಸ್ತಿಲ ಹೊರಗೇ ನಿಂತರು. ಗುಂಡಮ್ಮತ್ತಿಯ ಷರತ್ತನ್ನು ನಾನು ತೆಲುಗಿನಲ್ಲಿ ಹೇಳಿದೆ. ನಾಲಿಗೆ ಹೊರಳದೆ “ಬದುಕಾನ” ಅಂದರು. ಗುಂಡಮ್ಮತ್ತಿ ತಲೆ ಅಲ್ಲಾಡಿಸಿದಳು. “ಬದುಕ್ಯಾನ” ಅಂತ ನಾನು ಮೆಲ್ಲಗೆ ತಿದ್ದಿದೆ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ.

“ಬದುಕ್ಯಾನಮ್ಮ. ಶಿವರಾಜ ಬದುಕ್ಯಾನ.” ಆಮೇಲೆ ಯಾರೂ ಕೇಳದಿದ್ದರೂ ಸುನೀತಾಳ ಕಡೆ ತಿರುಗಿ ಕೈ ಮುಗಿದರು. “ತಪ್ಪು ನಾದೇ ತಲ್ಲೀ.” ತಪ್ಪು ನನ್ನದೇ ತಾಯೀ ಅಂತ.

‘ತಪ್ಪು’ ತೆಲುಗಿನಲ್ಲೂ ತಪ್ಪೇ, ಕನ್ನಡದಲ್ಲೂ ತಪ್ಪೇ. ಎರಡೂ ಭಾಷೆಯಲ್ಲಿ ಇಷ್ಟು ಸಲೀಸಾಗಿ ಓಡಾಡುವ ಪದ, ಖಾಕಿ ಹಾಕಿದವರ ಬಾಯಲ್ಲಿ ನಾನು ಕೇಳಿದ್ದು ಅವತ್ತೇ. ನನ್ನ ಕೈಯ ಬಳೆಗಳನ್ನೇ ಬಿಚ್ಚಿ ಸುನೀತಾಳಿಗೆ ತೊಡಿಸಿದೆವು. ನಾಗಮ್ಮ ಕುಂಕುಮ ಹಚ್ಚಿದಳು. ಬಾಡಿಗೆ ಜೀಪು ಹೊರಟಿತು. ಆಪರೇಷನ್‌ಗೆ ಒಳಗೆ ಒಯ್ಯುವ ಮುಂಚೆ ಆಕೆ ಗಂಡನ ಮುಖ ನೋಡಿದಳು.

ಇಲ್ಲಿಗೆ ಮುಗಿಸಿದ್ದರೆ ಒಳ್ಳೆಯ ಕಥೆ. ಆದರೆ ಹುಡುಗರ ಮೊಬೈಲುಗಳು ಸುಮ್ಮನಿರಬೇಕಲ್ಲ? ‘ಬದುಕಿದ್ದವನನ್ನು ಸಾಯಿಸಿದ ಎಸ್‌ಐ’ ಅಂತ ವಿಡಿಯೋ ನಾರಾಯಣಖೇಡಕ್ಕೂ ತಾಂಡೂರಿಗೂ ಹೋಗಿ ಬಂತು. ಮೇಲಿನವರು ಮೆಮೊ ಕೊಟ್ಟರಂತೆ. ಠಾಣೆಯಲ್ಲೇ ಕೂತು ‘ನಮ್ಮದಲ್ಲ’ ಅಂದಿದ್ದರೆ ವಿಡಿಯೋ ಇರುತ್ತಿರಲಿಲ್ಲ. ವಿಡಿಯೋ ಇಲ್ಲದಿದ್ದರೆ ಮೆಮೊ ಎಲ್ಲಿಂದ ಬರಬೇಕು?

ಭಾನುವಾರ ದಾನಪ್ಪನ ಜೊತೆ ಅವರ ಚರ್ಚಿಗೆ ಹೋಗಿದ್ದೆ. ತಗಡಿನ ಮಾಡು, ನೆಲಕ್ಕೆ ಜಮಖಾನ. ಅರ್ಧ ಹಾಡು ತೆಲುಗು, ಅರ್ಧ ಕನ್ನಡ. ದಾನಪ್ಪ ಅಲ್ಲಿ ಸಭೆಯ ಹಿರಿಯ. ಬಿಳಿ ಅಂಗಿ ಹಾಕಿಕೊಂಡು, ಪ್ರಸಾದದ ಹಾಗೆ ಹಂಚುವ ರೊಟ್ಟಿಯ ತಟ್ಟೆ ಹಿಡಿದು ಬಂದ. ಎಸ್‌ಐ ಸಾಹೇಬರು ಅವನ ಮುಂದೆ ಮಂಡಿಯೂರಿ ಕೈ ಚಾಚಿದರು. ಸೋಮವಾರ ಅದೇ ದಾನಪ್ಪ ಅವರಿಗೆ ಸಲ್ಯೂಟ್ ಹೊಡೆಯುತ್ತಾನೆ. ಇಬ್ಬರಿಗೂ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ, ಕಂಡದ್ದು ನನಗೊಬ್ಬಳಿಗೇ.

ಹೊರಗೆ ಬಂದಾಗ ಕೇಳಿದೆ. ಹೋಗದೇ ಇದ್ದಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಅಲ್ಲವಾ ಸಾರ್?

“ಇರುತ್ತಿರಲಿಲ್ಲ ಮೇಡಂ” ಅಂದರು ತೆಲುಗಿನಲ್ಲಿ. ಕಣ್ಣ ಕೆಳಗೆ ಕಪ್ಪಾಗಿತ್ತು, ಸರಿಯಾಗಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. “ಆದರೆ ಆಗ ಇವತ್ತು ದಾನಪ್ಪನ ಮುಂದೆ ಕೈ ಹೇಗೆ ಚಾಚುತ್ತಿದ್ದೆ?”

ನಾನು ಚರ್ಚಿಗೆ ಸೇರಿದವಳಲ್ಲ, ದೇವರ ವಿಷಯದಲ್ಲಿ ಸೋಮಾರಿ. ಆದರೂ ಅಂದುಕೊಂಡೆ, ದೊಡ್ಡ ಕುರ್ಚಿಯಲ್ಲಿ ಕೂರುವ ಪ್ರತಿಯೊಬ್ಬರಿಗೂ ವಾರಕ್ಕೊಮ್ಮೆ ಮಂಡಿಯೂರುವುದಕ್ಕೆ ಒಬ್ಬ ದಾನಪ್ಪ ಇರಬೇಕು. ನಮಗೆ ಇದ್ದಾನಾ?

ಮೊನ್ನೆ ಶಿವರಾಜ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ. ಗುಂಡಮ್ಮತ್ತಿ ನಿವಾಳಿಸಿ ಒಳಗೆ ಕರೆದುಕೊಂಡಳು. ಆಮೇಲೆ ಮಂಚದ ಪಕ್ಕ ಕೂತು ಬಂದವರಿಗೆಲ್ಲ ಕಥೆ ಹೇಳಿದಳು. ಆ ಪೊಲೀಸನಿಗೆ ಬುದ್ಧಿ ಇಲ್ಲ, ಆ ರೈತನಿಗೆ ಬಾಯಿ ಇಲ್ಲ, ಹೀಗೆ. ಬಂದವರೆಲ್ಲ ಹೌದೌದು ಅಂದರು. ನಾನೂ ಚಹಾ ಕುಡಿಯುತ್ತ ತಲೆ ಆಡಿಸಿದೆ.

ಲೋಟ ತೆಗೆದುಕೊಳ್ಳಲು ಬಂದ ಸುನೀತಾ ನನ್ನ ಪಕ್ಕ ಬಗ್ಗಿದಳು. ಮಣಿಕಟ್ಟಿನ ಮೇಲೆ ಬಳೆ ಚೂರಿನ ಗಾಯ ಇನ್ನೂ ಕೆಂಪಗಿತ್ತು. ನನಗೊಬ್ಬಳಿಗೇ ಕೇಳುವ ಹಾಗೆ ಅಂದಳು:

“ಅಂದ ಬಾಯಿ ಬಂದು ತಪ್ಪು ಅಂತು, ಟೀಚರ್. ಕುಂಕುಮ ಒರಸಿದ ಕೈ ಯಾವಾಗ ಅಂತದ?”