ಒಗ್ಗರಣೆ ಡಬ್ಬಿಯ ಸಾಸಿವೆ

ಚೈತ್ರಾ, ಮನು,

ನೀವಿಬ್ಬರೂ ಐದು ದಿನದಿಂದ ಅಡುಗೆಮನೆ ಕಿಟಕಿಯಲ್ಲಿ ಇಟ್ಟಿರುವ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ಇವತ್ತು ಬೆಳಿಗ್ಗೆ ನೋಡಿದೆ. ಒದ್ದೆ ಮಣ್ಣಿನ ಮೇಲೆ ಸಾಸಿವೆ ಹಾಕಿದ ಹಾಗೇ ಬಿದ್ದಿತ್ತು. ಒಂದು ಕಾಳೂ ಮೊಳೆತಿರಲಿಲ್ಲ. ಮುಗ್ಗಲು ವಾಸನೆ ಬಂತು. ಮೈಕ್ರೊಗ್ರೀನ್ಸ್ ಅನ್ನುವ ಎಳೆ ಸೊಪ್ಪು ಬೆಳೆಯುವುದನ್ನು ಫೋನಿನಲ್ಲಿ ನೋಡಿ ಕಲಿತಿರಿ, ಸಾಸಿವೆಯನ್ನು ನನ್ನ ಒಗ್ಗರಣೆ ಡಬ್ಬಿಯಿಂದ ತೆಗೆದುಕೊಂಡಿರಿ. ನನ್ನನ್ನು ಕೇಳಲಿಲ್ಲ. ಬೈಯುವುದಕ್ಕೆ ಬಾಯಿ ಬರಲಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೆ... ಎದುರುಮನೆ ಅವ್ವನ ವಿಷಯದಲ್ಲಿ. ಎದುರು ಕೂತು ಹೇಳುವುದು ನನ್ನಿಂದಾಗದು, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಗೌನಿಪಲ್ಲಿ ಕಡೆಯ ನಮ್ಮ ಊರಿಗೆ ನಾನು ಸೊಸೆಯಾಗಿ ಬಂದಾಗ ಯಾರು ಮಾತಾಡಿಸಿದರೂ ತಲೆ ತಗ್ಗಿಸುತ್ತಿದ್ದೆ. ಎದುರುಮನೆಯಲ್ಲಿ ತೆಲುಗು ಮಾತು. ಆ ಮನೆಯ ಹಿರಿಯಳನ್ನು ಊರೆಲ್ಲ ಅವ್ವ ಅನ್ನುತ್ತಿತ್ತು. ಬೆರಕೆ ಸೊಪ್ಪು ಕೀಳಲು ನನ್ನ ಕೈ ಹಿಡಿದು ರಾಗಿ ಹೊಲಕ್ಕೆ ಕರೆದುಕೊಂಡು ಹೋದವಳು ಅವಳೇ. ಯಾವ ಎಲೆ ಸಾರಿಗೆ, ಯಾವುದನ್ನು ದನಕ್ಕೆ ಬಿಡಬೇಕು ಅಂತ ತೋರಿಸಿಕೊಟ್ಟಳು. ರಾಗಿಯ ನಡುವೆ ಎದ್ದ ಎಳೆಯ ಸಾಸಿವೆ ಪೈರನ್ನು ಚಿವುಟಿ ಹಸಿಯಾಗಿಯೇ ಅಗಿಯುತ್ತಿದ್ದಳು.

"ಏಮೇ ಮೂಗಿ, ನೀನೂ ತಿನ್ನು. ಘಾಟಿಗಾದ್ರೂ ಒಂದು ಮಾತು ಹೊರಗೆ ಬರ್ಲಿ" ಎಂದು ನಗುತ್ತಿದ್ದಳು.

ನಿಮ್ಮ ತಾತ ಹೋದಾಗ ನಾನು ಊಟ ಬಿಟ್ಟೆ. ಅವ್ವ ದಿನವೂ ಬಂದು, ಮುದ್ದೆ ಮುರಿದು, ಸಾರಿಗೆ ಅದ್ದಿ ನನ್ನ ಬಾಯಿಗಿಟ್ಟಳು. ನಾನು ನುಂಗುವವರೆಗೂ ಎದ್ದು ಹೋಗುತ್ತಿರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ, ಒಂದು ಬೇಸಿಗೆಯಲ್ಲಿ, ಅವ್ವ ಜ್ವರ ಬಂದು ಮಲಗಿದಳು. ಜ್ವರ ಬಿಟ್ಟರೂ ಬಾಯಿಗೆ ರುಚಿ ಬರಲಿಲ್ಲ. ತಟ್ಟೆಯನ್ನು ದೂಡುತ್ತಿದ್ದಳು, ದಿನದಿನಕ್ಕೆ ಇಳಿಯುತ್ತಿದ್ದಳು. "ಎಲ್ಲಾ ಮಣ್ಣು ತಿಂದಂಗೈತೆ. ಎಳೇ ಸಾಸಿವೆ ಸೊಪ್ಪು ಒಂದು ಹಿಡಿ ಸಿಕ್ಕಿದ್ರೆ ಈ ನಾಲಿಗೆ ಎದ್ದೇಳ್ತಿತ್ತು" ಎಂದು ತನ್ನ ಸೊಸೆಗೆ ಹೇಳುವುದು ನನ್ನ ಕಿವಿಗೆ ಬಿತ್ತು.

"ಈ ಬಿಸಿಲಲ್ಲಿ ಯಾವ ಹೊಲ್ದಲ್ಲಿ ಸೊಪ್ಪೈತೆ ಅತ್ತೆ?" ಎಂದಳು ಸೊಸೆ.

ನಾನು ಬೆಳೆದು ಕೊಡೋಣ ಎಂದುಕೊಂಡೆ. ಅವಳಿಗಾಗಿ ಅದೊಂದನ್ನಾದರೂ ಮಾಡಬೇಕಿತ್ತು. ಯಾರಿಗೂ ಹೇಳದೆ, ಒಂದು ಹಳೆಯ ತಟ್ಟೆಗೆ ಮಣ್ಣು ಹರಡಿ, ಒಗ್ಗರಣೆ ಡಬ್ಬಿಯ ಸಾಸಿವೆ ಉದುರಿಸಿದೆ. ಮುಗ್ಗಬಾರದೆಂದು ಸಾಸಿವೆಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ತುಂಬಿಡುವುದು ನಮ್ಮತ್ತೆ ಕಲಿಸಿದ ಪದ್ಧತಿ. ಆ ಬಿಸಿಗೆ ಕಾಳಿನ ಜೀವ ಹೋಗಿರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಎಂಟು ದಿನ ನೀರು ಹಾಕಿದೆ. ಮೊಳೆಯದಿದ್ದಾಗ ಇನ್ನಷ್ಟು ಹಾಕಿದೆ. ದಿನವೂ ಅವ್ವನ ಹತ್ತಿರ ಹೋಗಿ ಸುಮ್ಮನೆ ಕೂತು ಬರುತ್ತಿದ್ದೆ...

ಒಂಬತ್ತನೆಯ ದಿನ ಅವಳೇ ನನ್ನ ಕೈ ನೋಡಿದಳು. "ಉಗುರಲ್ಲಿ ಏನೇ ಮಣ್ಣು?"

ಹೇಳಿದೆ. ಹೇಳುತ್ತಾ ಅಳು ಬಂತು. ಅವ್ವ ನಕ್ಕಳು, ಜೊತೆಗೆ ಕೆಮ್ಮಿದಳು.

"ಒಗ್ಗರಣೆ ಡಬ್ಬೀದಾ? ಹುರಿದಿದ್ದು ಎಲ್ಲಾದ್ರೂ ಹುಟ್ತದೇನೇ! ಎಂಟು ದಿನದಿಂದ ನನ್ನ ಪಕ್ಕದಲ್ಲೇ ಕೂತಿದ್ಯಲ್ಲ, ಕೇಳೋಕೆ ಬಾಯಿಲ್ವಾ?"

ಆಮೇಲೆ ಸೊಸೆಯ ಕೈಲಿ ಬಿತ್ತನೆಗೆಂದು ಬೂದಿ ಬೆರೆಸಿಟ್ಟ ಸಾಸಿವೆಯ ಗಡಿಗೆ ತರಿಸಿ ಒಂದು ಹಿಡಿ ಕೊಡಿಸಿದಳು. "ನೀರು ಸುರೀಬೇಡ, ಬೆರಳಲ್ಲಿ ಚಿಮುಕ್ಸು. ಎರಡು ದಿನ ಮುಚ್ಚಿಡು, ಆಮೇಲೆ ಬೆಳಕು ತೋರ್ಸು."

ಹಾಗೇ ಮಾಡಿದೆ. ಮೂರನೆಯ ದಿನ ಮುಚ್ಚಳ ತೆಗೆದಾಗ ಹಳದಿ ಮೊಳಕೆ ಎದ್ದಿತ್ತು, ಬೆಳಕಿಗೆ ಇಟ್ಟ ಮೇಲೆ ಹಸಿರಾಯಿತು. ಏಳನೆಯ ದಿನ ತಟ್ಟೆ ತುಂಬ ಎರಡೆರಡು ಪುಟ್ಟ ಎಲೆ. ಅಷ್ಟರಲ್ಲಿ ಅವ್ವನಿಗೆ ಅಗಿಯುವ ಶಕ್ತಿಯೂ ಹೋಗಿತ್ತು. ಕತ್ತರಿಸಿ, ಅರೆದು, ಮಜ್ಜಿಗೆಗೆ ಕಲಸಿ ಚಮಚದಲ್ಲಿ ಕೊಟ್ಟೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು.

"ನಾಲಿಗೆಗೆ ಗೊತ್ತಾಗ್ಲಿಲ್ಲ ಕಣೇ. ಕಣ್ಣಿಗೆ ಗೊತ್ತಾಯ್ತು."

ಎರಡನೆಯ ಚಮಚ ಬೇಡವೆಂದಳು. ಆ ವಾರವೇ ಹೋದಳು.

ಸೊಪ್ಪು ತಿಂದಿದ್ದರೆ ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಆದರೆ ಮೊದಲ ದಿನವೇ ಕೇಳಿದ್ದರೆ, ಅಗಿಯುವ ಶಕ್ತಿ ಇದ್ದಾಗಲೇ ಅದು ಅವಳ ಬಾಯಿಗೆ ಸಿಗುತ್ತಿತ್ತು. ಇಷ್ಟು ವರ್ಷವಾದರೂ ಆ ಎಂಟು ದಿನ ನನ್ನನ್ನು ಬಿಟ್ಟಿಲ್ಲ. ನೆನೆದು ನೆನೆದು ಸಾಕಾಗಿದೆ.

ನಿಮ್ಮ ಡಬ್ಬಿಯ ಸಾಸಿವೆಯನ್ನು ಹಿತ್ತಲಿಗೆ ಚೆಲ್ಲಿದ್ದೇನೆ. ಡಬ್ಬಿ ತೊಳೆದಿಟ್ಟಿದೆ. ಈ ಹಾಳೆಗಳ ಜೊತೆ ಇರುವ ಪೊಟ್ಟಣದಲ್ಲಿ ಬಿಸಿ ಮುಟ್ಟಿಸದ ಸಾಸಿವೆ ಇದೆ, ಹೊಸ ಮಣ್ಣಿಗೆ ಹಾಕಿ. ಬಂದ ಮೊದಲ ಚಿಗುರು ನನಗೆ ಕೊಡಿ. ನನ್ನ ಹಲ್ಲು ಇನ್ನೂ ಗಟ್ಟಿಯಾಗಿವೆ. ಹಾಳೆಗಳನ್ನು ಮಾತ್ರ ಕಿಟಕಿಯ ಹತ್ತಿರ ಬಿಡಬೇಡಿ, ನೀರು ಚಿಮುಕಿಸುವಾಗ ನೆನೆದಾವು. ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿಡಿ. ಅವ್ವನ ಬಗ್ಗೆ ಬರೆದಿಟ್ಟದ್ದು ಇದೊಂದೇ.